ವರದಿಯಲ್ಲಿ ಬಿ12 ನಾರ್ಮಲ್, ನಡಿಗೆಯಲ್ಲಿ ಅಲ್ಲ: ಮೀಥೈಲ್‌ಮೆಲೋನಿಕ್ ಆಮ್ಲ ದಾರಿ ತೋರಿದ ಒಂದು ಪ್ರಕರಣ

ಗುರುತು ಸಿಗದಂತೆ ರೋಗಿಯ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಿದೆ. ಆಸ್ಪತ್ರೆ ಮತ್ತು ಪ್ರಯೋಗಾಲಯಗಳ ಹೆಸರು ಹೇಳಿಲ್ಲ.

ಹಿನ್ನೆಲೆ

ರೋಗಿ 58ರ ಆಸುಪಾಸಿನ ಗೃಹಿಣಿ, ಹುಟ್ಟು ಸಸ್ಯಾಹಾರಿ. ಬೆಳಿಗ್ಗೆ ಸಂಜೆ ಕಾಫಿ, ಊಟದ ಕೊನೆಗೆ ನೀರು ಮಜ್ಜಿಗೆ. ದಿನದ ಹಾಲಿನ ಅಂಶ ಇಷ್ಟೇ. 11 ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೆ ದಿನಕ್ಕೆ 2 ಗ್ರಾಂ ಮೆಟ್‌ಫಾರ್ಮಿನ್. ಥೈರಾಯ್ಡ್ ಕಡಿಮೆ ಇದೆಯೆಂದು 75 ಮೈಕ್ರೋಗ್ರಾಂ ಥೈರಾಕ್ಸಿನ್. ಊಟವಾದ ಮೇಲೆ ಹೊಟ್ಟೆ ಭಾರ, ತೇಗು ಎಂದು 3 ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್. ರಕ್ತ ಕಡಿಮೆಯೆಂದು ಎರಡು ಸಲ ಐರನ್ ಮಾತ್ರೆಯ ಪೂರ್ತಿ ಕೋರ್ಸ್ ಮುಗಿಸಿದ್ದರೂ ಹಿಮೋಗ್ಲೋಬಿನ್ ಏರಿರಲಿಲ್ಲ. ಮುಟ್ಟು ನಿಂತು 8 ವರ್ಷವಾಗಿತ್ತು. ಇವುಗಳಲ್ಲಿ ಮೂರು ಸಂಗತಿಗಳು, ಅಂದರೆ ಥೈರಾಯ್ಡ್, ಹೊಟ್ಟೆ ಭಾರ, ಹತ್ತದ ಐರನ್, ಒಂದೇ ಎಳೆಗೆ ಸೇರಿದವು ಎಂಬುದು ಕೊನೆಗಷ್ಟೇ ಗೊತ್ತಾಯಿತು.

ತೊಂದರೆ ಶುರುವಾಗಿದ್ದು ಒಂಬತ್ತು ತಿಂಗಳ ಹಿಂದೆ, ಎರಡೂ ಪಾದಗಳಲ್ಲಿ ಒಟ್ಟಿಗೆ ಜೋಮು ಹಿಡಿದು. ಎರಡು ಮೂರು ತಿಂಗಳಲ್ಲೇ ಕೈಬೆರಳ ತುದಿಗೂ ಬಂತು. ಸಕ್ಕರೆ ಕಾಯಿಲೆ ಇದೆ, ಪಾದ ಉರಿಯುತ್ತದೆ, ಆದ್ದರಿಂದ ಷುಗರ್‌ನಿಂದ ನರ ಸೋತಿದೆ ಎಂದು ತೀರ್ಮಾನವಾಗಿ, ಪ್ರಿಗ್ಯಾಬಲಿನ್ (ನರದ ನೋವಿನ ಔಷಧಿ) ಮತ್ತು ಮೀಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಸೇರಿದ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ನಮ್ಮ ಕಡೆ ಪಾದ ಉರಿ ಎಂದವರಿಗೆಲ್ಲ ಸಿಗುವ ಜೋಡಿ ಇದು.

ಆದರೆ ಇಲ್ಲೇ ಒಂದು ಹೊಂದದ ಸಂಗತಿ ಇತ್ತು. ಸಕ್ಕರೆ ಕಾಯಿಲೆಯ ನರಬಾಧೆ ಉದ್ದದ ನರಗಳನ್ನು ಮೊದಲು ಹಿಡಿಯುತ್ತದೆ. ಜೋಮು ಪಾದದಿಂದ ಹತ್ತಿ ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಬೆರಳ ತುದಿಯಲ್ಲಿ ಕಾಣಿಸಿಕೊಳ್ಳುವುದು ಅದರ ಕ್ರಮ. ಇವರಿಗೆ ಕಾಲಿನ ಜೋಮು ಕಣಕಾಲನ್ನೂ ದಾಟಿರಲಿಲ್ಲ, ಆಗಲೇ ಕೈಗೆ ಬಂದಿತ್ತು.

ಬಚ್ಚಲಲ್ಲಿ ಬಿದ್ದದ್ದು

ಆಸ್ಪತ್ರೆಗೆ ಕರೆತಂದದ್ದು ಜೋಮಿನ ಕಾರಣಕ್ಕಲ್ಲ, ಒಂದೇ ತಿಂಗಳಲ್ಲಿ ಎರಡು ಸಲ ಬಚ್ಚಲಲ್ಲಿ ಬಿದ್ದರು ಎಂದು. ನೆಲ ಜಾರಿತಾ ಎಂದರೆ ಇಲ್ಲ. ತಲೆ ಸುತ್ತಿತಾ ಎಂದರೆ ಅದೂ ಇಲ್ಲ. ಬಿದ್ದ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಬಂದ ಉತ್ತರ: ತಲೆಗೆ ಸೀಗೆಪುಡಿ ಹಾಕಿಕೊಂಡು, ಕಣ್ಣಿಗೆ ಬೀಳದ ಹಾಗೆ ಕಣ್ಣು ಮುಚ್ಚಿ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದೆ. ಎರಡು ಸಲವೂ ಹಾಗೇ.

ಕಾಲು ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟುವುದು ಬೆನ್ನುಹುರಿಯ ಹಿಂಭಾಗದ ತಂತುಗಳಲ್ಲಿ. ಆ ದಾರಿ ಕೆಟ್ಟರೂ ಕಣ್ಣು ತೆರೆದಿರುವವರೆಗೆ ಹೇಗೋ ಸಂಭಾಳಿಸಬಹುದು. ಕಣ್ಣು ಮುಚ್ಚಿದ ಕ್ಷಣ ದೇಹ ತೂರಾಡುತ್ತದೆ. ವೈದ್ಯರು ರೋಗಿಯನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ಮಾಡುವ ರಾಂಬರ್ಗ್ ಪರೀಕ್ಷೆ ಇವರ ಬಚ್ಚಲಲ್ಲೇ ನಡೆದುಹೋಗಿತ್ತು. ಮಗಳು ಇನ್ನೂ ಒಂದು ಮಾತು ಸೇರಿಸಿದಳು: ಅಂಗಳದಲ್ಲಿ ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದಿರುತ್ತದೆ, ಅಮ್ಮನಿಗೆ ಗೊತ್ತೇ ಆಗಿರುವುದಿಲ್ಲ.

ದೇಹ ಪರೀಕ್ಷೆಯಲ್ಲಿ 128 ಹರ್ಟ್ಸ್ ಶ್ರುತಿಕವೆಯ ಕಂಪನ ಹೆಬ್ಬೆರಳು, ಕಣಕಾಲು, ಮೊಣಕಾಲು ಎಲ್ಲೂ ತಿಳಿಯಲಿಲ್ಲ. ಸೊಂಟದ ಮೂಳೆಯ ಮೇಲಿಟ್ಟಾಗ ಮಾತ್ರ ತಿಳಿಯಿತು. ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ ಯಾವ ಕಡೆ ಎಂದು ಕೇಳಿದರೆ ಹತ್ತರಲ್ಲಿ ಐದಾರು ತಪ್ಪು. ಸೂಜಿಮೊನೆಯ ಚುಚ್ಚು ಬಹುತೇಕ ಸರಿಯಾಗಿಯೇ ತಿಳಿಯುತ್ತಿತ್ತು. ಕಣಕಾಲಿನ ಪ್ರತಿವರ್ತನೆ (ಸುತ್ತಿಗೆಯಿಂದ ತಟ್ಟಿದಾಗ ತಾನಾಗಿ ಬರುವ ಎಳೆತ) ಇರಲಿಲ್ಲ, ಮೊಣಕಾಲಿನದ್ದು ಮಾತ್ರ ಬೇಕಾದ್ದಕ್ಕಿಂತ ಚುರುಕು. ಅಂಗಾಲು ಗೀರಿದರೆ ಎರಡೂ ಹೆಬ್ಬೆರಳು ಮೇಲಕ್ಕೆ ಏಳುತ್ತಿದ್ದವು.

ತೀರ್ಮಾನ ತಿರುಗಿದ್ದು ಇಲ್ಲಿ. ಕೈಕಾಲಿನ ನರ ಮಾತ್ರ ಕೆಟ್ಟಿದ್ದರೆ ಪ್ರತಿವರ್ತನೆಗಳೆಲ್ಲ ಮಂಕಾಗಬೇಕು, ಹೆಬ್ಬೆರಳು ಕೆಳಗೆ ಬಾಗಬೇಕು ಅಥವಾ ಸುಮ್ಮನಿರಬೇಕು. ಮೇಲೆ ಏಳುವ ಹೆಬ್ಬೆರಳು ಬೆನ್ನುಹುರಿಯ ದೂರು. ಹಿಂಬದಿಯ ತಂತುಗಳೂ ಪಕ್ಕದ ಚಲನ ತಂತುಗಳೂ ಒಟ್ಟಿಗೆ ಕೆಟ್ಟಿವೆ, ಜೊತೆಗೆ ಹೊರನರವೂ ಸೇರಿದೆ ಎಂದರೆ ಮೊದಲು ಹುಡುಕಬೇಕಾದ್ದು ಬಿ12 ಕೊರತೆ. ನಂತರದ ಸ್ಥಾನದಲ್ಲಿ ತಾಮ್ರದ ಕೊರತೆ, ಸಿಫಿಲಿಸ್, ಎಚ್‌ಐವಿ, ಕುತ್ತಿಗೆಯ ಡಿಸ್ಕ್ ಒತ್ತಡ.

412 ಎಂಬ ಸಂಖ್ಯೆ

ಬಿ12 ಪರೀಕ್ಷೆ ಆಗಲೇ ಆಗಿತ್ತು. ವರದಿಯಲ್ಲಿ 412 ಪಿಕೋಗ್ರಾಂ/ಮಿಲಿ; ಪಕ್ಕದಲ್ಲಿ ಸಾಮಾನ್ಯ ಮಿತಿ 211ರಿಂದ 911. ಹೀಗಾಗಿ ಬಿ12 ವಿಷಯ ಅಲ್ಲಿಗೇ ಮುಚ್ಚಿಹೋಗಿತ್ತು.

ರಕ್ತದ ಎಣಿಕೆಯಲ್ಲಿ ಹಿಮೋಗ್ಲೋಬಿನ್ 11.2, ಕೆಂಪುಕಣದ ಸರಾಸರಿ ಗಾತ್ರ 86 ಫೆಮ್ಟೋಲೀಟರ್. ಬಿ12 ಕೊರತೆ ಎಂದರೆ ಕಣ ದೊಡ್ಡದಾಗಿರಬೇಕಲ್ಲ, 86 ಸಾಮಾನ್ಯ ಗಾತ್ರವೇ ಅಲ್ಲವೇ ಎಂದು ಇದೂ ಬಿ12 ವಿರುದ್ಧವೇ ಸಾಕ್ಷಿ ಹೇಳಿದಂತಿತ್ತು. ಆದರೆ ಅದೇ ಹಾಳೆಯಲ್ಲಿ ಕಣಗಳ ಗಾತ್ರ ಎಷ್ಟು ಚೆದುರಿದೆ ಎಂದು ಹೇಳುವ ಆರ್‌ಡಿಡಬ್ಲ್ಯು 18.9 ಇತ್ತು, ಸಾಮಾನ್ಯವಾಗಿ ಅದು 14.5ರ ಒಳಗಿರಬೇಕು. ಐರನ್ ಕೊರತೆ ಕಣವನ್ನು ಕಿರಿದಾಗಿಸುತ್ತದೆ, ಬಿ12 ಕೊರತೆ ಹಿರಿದಾಗಿಸುತ್ತದೆ; ಎರಡೂ ಒಟ್ಟಿಗಿದ್ದರೆ ಸರಾಸರಿ ಮಧ್ಯದಲ್ಲಿ ನಿಲ್ಲುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದಾಗ ಸಣ್ಣ ಬಿಳಿಚಿದ ಕಣಗಳೂ ದೊಡ್ಡ ಮೊಟ್ಟೆಯಾಕಾರದ ಕಣಗಳೂ ಅಕ್ಕಪಕ್ಕ ಕಂಡವು. ನೂರು ನ್ಯೂಟ್ರೋಫಿಲ್‌ಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಒಂಬತ್ತರ ಕೋಶಕೇಂದ್ರಕ್ಕೆ ಐದು ಅಥವಾ ಹೆಚ್ಚು ಹಾಲೆಗಳು, ಅಂದರೆ ಭಾಗಗಳು, ಎರಡಕ್ಕೆ ಆರು. ನೂರರಲ್ಲಿ ಐದಕ್ಕಿಂತ ಹೆಚ್ಚು ಕಣಗಳಿಗೆ ಐದು ಹಾಲೆ ಇದ್ದರೆ, ಅಥವಾ ಆರು ಹಾಲೆಯ ಒಂದೇ ಒಂದು ಕಣ ಸಿಕ್ಕರೂ ಅನುಮಾನ ಪಡಬೇಕು. ಯಂತ್ರ ಕೊಡುವ ಎಣಿಕೆಯಲ್ಲಿ ಇದು ಕಾಣುವುದಿಲ್ಲ. ದೇಹದ ಐರನ್ ದಾಸ್ತಾನು ತೋರುವ ಫೆರಿಟಿನ್ 8 ಬಂತು, ಅಂದರೆ ಐರನ್ ಕೊರತೆ ಖಚಿತ.

ರಕ್ತ ಹೆಚ್ಚು ಕೆಡದೆ ನರ ಕೆಡುವುದು ಅಪರೂಪವಲ್ಲ. ಲಿಂಡೆನ್‌ಬಾಮ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆ ಆದ 141 ಮಂದಿಯಲ್ಲಿ 40 ಮಂದಿಗೆ ರಕ್ತಹೀನತೆಯಾಗಲಿ ದೊಡ್ಡ ಕಣಗಳಾಗಲಿ ಇರಲೇ ಇಲ್ಲ. ಅವರನ್ನು ಗುರುತಿಸಲು ನೆರವಾದದ್ದು ರಕ್ತದಲ್ಲಿ ಏರಿದ್ದ ಮೀಥೈಲ್‌ಮೆಲೋನಿಕ್ ಆಮ್ಲ ಮತ್ತು ಹೋಮೋಸಿಸ್ಟೀನ್.

ಈಗ ತಂಡದ ಮುಂದಿದ್ದ ಪ್ರಶ್ನೆ: 412 ನಿಜವೋ, ಬೆನ್ನುಹುರಿ ನಿಜವೋ? 412ಕ್ಕೆ ಒಂದು ಸುಲಭ ವಿವರಣೆ ಇತ್ತು. ಮೀಥೈಲ್‌ಕೋಬಾಲಮಿನ್ ಇರುವ ಕ್ಯಾಪ್ಸೂಲ್ ನುಂಗಿದ್ದಾರೆ, ಅದೇ ರಕ್ತದಲ್ಲಿ ಕಾಣುತ್ತಿದೆ. ಮಗಳು ತಂದಿದ್ದ ಔಷಧಿಯ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದಾಗ ಆ ವಿವರಣೆ ಬಿದ್ದುಹೋಯಿತು. ಹತ್ತರ ಮೂರು ಪಟ್ಟಿಗಳಲ್ಲಿ ಒಡೆದದ್ದು ಒಂದೇ, ಅದರಲ್ಲೂ ಮೂರು ಉಳಿದಿದ್ದವು. ಹಗಲೆಲ್ಲ ತೂಕಡಿಕೆ ಬರುತ್ತದೆಂದು ಒಂದೇ ವಾರಕ್ಕೆ ಬಿಟ್ಟು ಏಳು ತಿಂಗಳಾಗಿತ್ತು. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದೂ ಕೇಳಲಾಯಿತು, ಏಕೆಂದರೆ ಕೆಲವು ಯಂತ್ರಗಳ ವಿಧಾನದಲ್ಲಿ ಹೆಚ್ಚು ಬಯೋಟಿನ್ ಇದ್ದರೆ ಬಿ12 ಸುಳ್ಳಾಗಿ ಏರಿ ಕಾಣುತ್ತದೆ. ಅದೂ ಇರಲಿಲ್ಲ.

ಎರಡು ಕಿಣ್ವ, ಎರಡು ಗುರುತು

ಮನುಷ್ಯನ ದೇಹದಲ್ಲಿ ಬಿ12 ಬೇಕಾಗುವ ಕಿಣ್ವಗಳು ಎರಡೇ. ಒಂದು ಮೀಥಿಯೋನಿನ್ ಸಿಂಥೇಸ್: ಇದು ಹೋಮೋಸಿಸ್ಟೀನನ್ನು ಮೀಥಿಯೋನಿನ್ ಆಗಿ ತಿರುಗಿಸುತ್ತದೆ, ಇದಕ್ಕೆ ಬಿ12 ಜೊತೆ ಫೋಲೇಟ್ ಕೂಡ ಬೇಕು. ಇನ್ನೊಂದು ಮೀಥೈಲ್‌ಮೆಲೋನಿಲ್-ಕೋಎ ಮ್ಯೂಟೇಸ್. ವ್ಯಾಲಿನ್, ಐಸೋಲ್ಯೂಸಿನ್, ಥ್ರಿಯೋನಿನ್, ಮೀಥಿಯೋನಿನ್ ಎಂಬ ಅಮೈನೋ ಆಮ್ಲಗಳು, ಜೊತೆಗೆ ಬೆಸ ಸಂಖ್ಯೆಯ ಇಂಗಾಲವಿರುವ ಕೊಬ್ಬಿನ ಆಮ್ಲಗಳು ಒಡೆದಾಗ ಪ್ರೊಪಿಯೋನಿಲ್-ಕೋಎ ಆಗಿ, ಅದು ಮೀಥೈಲ್‌ಮೆಲೋನಿಲ್-ಕೋಎ ಆಗುತ್ತದೆ. ಮ್ಯೂಟೇಸ್ ಅದನ್ನು ಸಕ್ಸಿನಿಲ್-ಕೋಎ ಮಾಡಿ ಶಕ್ತಿಯ ಚಕ್ರಕ್ಕೆ ಸೇರಿಸುತ್ತದೆ. ಬಿ12 ಇಲ್ಲದಿದ್ದರೆ ಮ್ಯೂಟೇಸ್ ಕೈಕಟ್ಟಿ ಕೂರುತ್ತದೆ, ಮೀಥೈಲ್‌ಮೆಲೋನಿಲ್-ಕೋಎ ಕೂಡಿಕೊಂಡು ಮೀಥೈಲ್‌ಮೆಲೋನಿಕ್ ಆಮ್ಲವಾಗಿ (ಇನ್ನು ಮುಂದೆ ಎಂಎಂಎ) ರಕ್ತಕ್ಕೂ ಮೂತ್ರಕ್ಕೂ ಚೆಲ್ಲುತ್ತದೆ. ಬಿ12 ಕೊರತೆಯವರ ಮೂತ್ರದಲ್ಲಿ ಎಂಎಂಎ ಏರುವುದನ್ನು ಕಾಕ್ಸ್ ಮತ್ತು ವೈಟ್ 1962ರಲ್ಲೇ ತೋರಿಸಿದ್ದರು.

ಕಣಜದಲ್ಲಿ ಎಷ್ಟು ಅಕ್ಕಿ ಇದೆ ಎಂದು ಅಳೆಯುವುದು ಸೀರಂ ಬಿ12 ಪರೀಕ್ಷೆ. ಎಂಎಂಎ ನೋಡುವುದು ಒಲೆಯ ಮೇಲೆ ಅನ್ನ ಬೇಯುತ್ತಿದೆಯೇ ಎಂದು. ರಕ್ತದ ಬಿ12ನಲ್ಲಿ ಬಹುಪಾಲು ಹ್ಯಾಪ್ಟೋಕೊರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜೀವಕೋಶಗಳಿಗೆ ಕೈಗೆಟುಕುವುದು ಟ್ರಾನ್ಸ್‌ಕೋಬಾಲಮಿನ್‌ಗೆ ಅಂಟಿದ ಸಣ್ಣ ಪಾಲು ಮಾತ್ರ.

ಎರಡು ಗುರುತುಗಳಲ್ಲಿ ಹೋಮೋಸಿಸ್ಟೀನ್ ಅಗ್ಗ, ಬೇಗ ಸಿಗುತ್ತದೆ. ಆದರೆ ಅದು ಫೋಲೇಟ್ ಕೊರತೆಯಲ್ಲೂ ಏರುತ್ತದೆ, ಬಿ6 ಕೊರತೆ, ಥೈರಾಯ್ಡ್ ಕಡಿಮೆ, ಮೂತ್ರಪಿಂಡ ಕುಂದಿದಾಗಲೂ ಏರುತ್ತದೆ. ಎಂಎಂಎ ಫೋಲೇಟ್ ಕೊರತೆಯಲ್ಲಿ ಏರುವುದಿಲ್ಲ. ಅದರ ಮುಖ್ಯ ಗೊಂದಲ ಮೂತ್ರಪಿಂಡದ್ದು ಮಾತ್ರ. ಕ್ರಿಯಾಟಿನಿನ್ ಏರಿದವರಲ್ಲಿ ಬಿ12 ಕೊರತೆ ಇಲ್ಲದೆಯೂ ಎಂಎಂಎ 0.5, 0.7 ಮೈಕ್ರೋಮೋಲ್/ಲೀಟರ್ ಮಟ್ಟ (ಮೇಲಿನ ಮಿತಿ 0.40) ಬರಬಹುದು. ಈ ರೋಗಿಯ ಕ್ರಿಯಾಟಿನಿನ್ 0.8, ಥೈರಾಯ್ಡಿನ ಸ್ಥಿತಿ ಹೇಳುವ ಟಿಎಸ್‌ಎಚ್ 3.1, ಫೋಲೇಟ್ 9 ನ್ಯಾನೋಗ್ರಾಂ/ಮಿಲಿ. ಅಡ್ಡ ಬರುವ ಕಾರಣಗಳು ಒಂದೊಂದಾಗಿ ದೂರವಾದವು.

ಮೊದಲು ರಕ್ತ, ಆಮೇಲೆ ಇಂಜೆಕ್ಷನ್

ಈ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ಆದದ್ದು ಆ ದಿನ. ಎಂಎಂಎ ಪರೀಕ್ಷೆ ಜಿಲ್ಲೆಯಲ್ಲಿ ಇರಲಿಲ್ಲ. ಸ್ಯಾಂಪಲ್ ದೊಡ್ಡ ಊರಿಗೆ ಹೋಗಬೇಕು, ವರದಿಗೆ ವಾರ ಹತ್ತು ದಿನ. ಅಷ್ಟು ದಿನ ಕಾಯುವುದಾದರೆ ಬೆನ್ನುಹುರಿ ಇನ್ನಷ್ಟು ಕೆಡುತ್ತದೆ. ಈಗಲೇ ಇಂಜೆಕ್ಷನ್ ಕೊಟ್ಟು ನಾಳೆ ರಕ್ತ ತೆಗೆದರೆ ಗುರುತುಗಳು ಕೆಲವೇ ದಿನಗಳಲ್ಲಿ ಇಳಿಯತೊಡಗುತ್ತವೆ, ಆಮೇಲೆ ವರದಿಯನ್ನು ಏನೆಂದು ಓದುವುದು?

ಮಾಡಿದ್ದು ಹೀಗೆ: ಮೊದಲು ಬೇಕಾದ ಎಲ್ಲ ರಕ್ತ ತೆಗೆದು, ಎಂಎಂಎ, ಹೋಮೋಸಿಸ್ಟೀನ್, ಇಂಟ್ರಿನ್ಸಿಕ್ ಫ್ಯಾಕ್ಟರ್ (ಜಠರದಲ್ಲಿ ಬಿ12 ಹಿಡಿಯುವ ಪ್ರೋಟೀನ್) ವಿರುದ್ಧದ ಪ್ರತಿಕಾಯ, ತಾಮ್ರ ಇವಕ್ಕೆ ಬೇರೆ ಬೇರೆ ಟ್ಯೂಬ್ ಹಂಚಿ, ಜೊತೆಗೆ 2 ಮಿಲಿ ಸೀರಂ ಹೆಚ್ಚುವರಿಯಾಗಿ ಮೈನಸ್ 20 ಡಿಗ್ರಿಯಲ್ಲಿ ಎತ್ತಿಟ್ಟರು. ಆ ಬಳಿಕ ಅದೇ ಕುರ್ಚಿಯಲ್ಲಿ ಬಿ12ರ ಇಂಜೆಕ್ಷನ್ ರೂಪವಾದ ಹೈಡ್ರಾಕ್ಸೊಕೋಬಾಲಮಿನ್ 1000 ಮೈಕ್ರೋಗ್ರಾಂ ಸ್ನಾಯುವಿಗೆ ಕೊಟ್ಟರು. ವರದಿಗಾಗಿ ಚಿಕಿತ್ಸೆ ಒಂದು ದಿನವೂ ಕಾಯಲಿಲ್ಲ. ಪ್ರತಿಕಾಯದ ಪರೀಕ್ಷೆಯನ್ನೂ ಇಂಜೆಕ್ಷನ್‌ಗೆ ಮೊದಲೇ ತೆಗೆಯಬೇಕು. ಬಿ12 ಇಂಜೆಕ್ಷನ್ ಆದ ಒಂದೆರಡು ವಾರದೊಳಗೆ ತೆಗೆದರೆ ಕೆಲವು ವಿಧಾನಗಳಲ್ಲಿ ಸುಳ್ಳು ಪಾಸಿಟಿವ್ ಬರುತ್ತದೆ. ಆ ಎತ್ತಿಟ್ಟ 2 ಮಿಲಿ ಸೀರಂ ಮುಂದೆ ಬಹಳ ಕೆಲಸಕ್ಕೆ ಬಂತು.

ಕೆಟ್ಟ ಹೋಮೋಸಿಸ್ಟೀನ್ ಸ್ಯಾಂಪಲ್

ಆಸ್ಪತ್ರೆಗೆ ಬರುವ ಎರಡು ವಾರ ಮೊದಲು ತಾಲ್ಲೂಕಿನ ಸಂಗ್ರಹ ಕೇಂದ್ರದಲ್ಲಿ ಒಂದು ಹೋಮೋಸಿಸ್ಟೀನ್ ಪರೀಕ್ಷೆ ಆಗಿತ್ತು. ವರದಿ 49 ಮೈಕ್ರೋಮೋಲ್/ಲೀಟರ್, ಮಿತಿ 15. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ಮತ್ತು ತೆಗೆದುಕೊಳ್ಳದಿರಲು ಒಂದು ಕಾರಣವೂ ಇತ್ತು: ಬೆಳಿಗ್ಗೆ 8ಕ್ಕೆ ತೆಗೆದ ರಕ್ತ ಮಧ್ಯಾಹ್ನ ಒಂದೂವರೆಯ ವ್ಯಾನಿನವರೆಗೆ ಬೇರ್ಪಡಿಸದೆ ರ‍್ಯಾಕಿನಲ್ಲೇ ನಿಂತಿತ್ತು.

ತೆಗೆದ ರಕ್ತದಲ್ಲಿ ಕೆಂಪುಕಣಗಳು ಹೋಮೋಸಿಸ್ಟೀನ್ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 1 ಮೈಕ್ರೋಮೋಲ್ ಪ್ಲಾಸ್ಮಾಗೆ ಸೇರುತ್ತಾ ಹೋಗುತ್ತದೆ. ನಿಜವಾಗಿ 11 ಇರುವ ಆರೋಗ್ಯವಂತನ ರಕ್ತ ಆರು ಗಂಟೆ ರ‍್ಯಾಕಿನಲ್ಲಿ ನಿಂತರೆ 17 ಆಗಿ, ಇಲ್ಲದ ರೋಗ ಇದೆ ಎನ್ನುತ್ತದೆ. ಆದರೆ ಈ ಏರಿಕೆ ಇಷ್ಟೇ. ಐದೂವರೆ ಗಂಟೆಯ ವಿಳಂಬ ಐದಾರು ಸೇರಿಸಬಲ್ಲದು, 49ನ್ನು ಹುಟ್ಟಿಸಲಾರದು. ತಡವಾದ ಸ್ಯಾಂಪಲ್ ಎಂದು ಇಡೀ ವರದಿಯನ್ನೇ ತಳ್ಳಿಹಾಕಿದ್ದು ತಪ್ಪಾಯಿತು.

ಎರಡನೇ ಸಲ ಸರಿಯಾಗಿ ಮಾಡಿದರು. ರಾತ್ರಿ ಉಪವಾಸ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್, ತೆಗೆದ ಕೂಡಲೇ ಐಸ್ ಮತ್ತು ನೀರು ಬೆರೆಸಿದ ಪಾತ್ರೆಗೆ. ಬರೀ ಐಸ್ ತುಂಡಾದರೆ ಟ್ಯೂಬಿಗೆ ಪೂರ್ತಿ ತಾಗುವುದಿಲ್ಲ, ನೀರು ಬೆರೆತರೆ ಸುತ್ತಲೂ ತಣ್ಣಗಾಗುತ್ತದೆ. ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಟ್ಯೂಬಿಗೆ ಎತ್ತಿದರು. ಒಮ್ಮೆ ಬೇರ್ಪಟ್ಟರೆ ಆಮೇಲೆ ಹೋಮೋಸಿಸ್ಟೀನ್ ದಿನಗಟ್ಟಲೆ ಕೆಡದೆ ಇರುತ್ತದೆ. ಫಲಿತಾಂಶ 43. ಎಂಎಂಎಗೆ ಇಷ್ಟೆಲ್ಲ ನಾಜೂಕು ಬೇಕಾಗಿಲ್ಲ. ಸೀರಂ ಬೇರ್ಪಡಿಸಿ ತಣ್ಣಗಿಟ್ಟು ಕಳಿಸಿದರೆ ಸಾಕು. ದೂರದ ತಾಲ್ಲೂಕುಗಳಿಗೆ ಇದು ಎಂಎಂಎಯ ದೊಡ್ಡ ಅನುಕೂಲ, ಬೆಲೆ ಹೆಚ್ಚಾದರೂ.

ಎಂಎಂಎ ವರದಿ

ಒಂಬತ್ತನೇ ದಿನ ವರದಿ ಬಂತು: ಸೀರಂ ಎಂಎಂಎ 2.7 ಮೈಕ್ರೋಮೋಲ್/ಲೀಟರ್, ಮೇಲಿನ ಮಿತಿ 0.40. ಸುಮಾರು ಏಳು ಪಟ್ಟು. ಮೂತ್ರಪಿಂಡ ಸರಿ ಇರುವವರಲ್ಲಿ ಇಷ್ಟು ಏರಲು ಬೇರೆ ದಾರಿ ಕಡಿಮೆ. ಅಷ್ಟರಲ್ಲಿ ಆಗಿದ್ದ ಎಂಆರ್‌ಐಯಲ್ಲೂ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ಹಿಂಬದಿ ತಂತುಗಳು ಟಿ2 ಚಿತ್ರದಲ್ಲಿ ಬೆಳ್ಳಗೆ, ಅಡ್ಡ ಸೀಳಿನಲ್ಲಿ ತಲೆಕೆಳಗಾದ ಇಂಗ್ಲಿಷ್ ‘ವಿ’ ಅಕ್ಷರದಂತೆ ಕಂಡವು. ತಾಮ್ರ ಸಾಮಾನ್ಯ, ಸಿಫಿಲಿಸ್ ಮತ್ತು ಎಚ್‌ಐವಿ ನೆಗೆಟಿವ್.

ವರದಿ ಓದುವಾಗ ಎರಡು ಕಡೆ ಎಡವುವುದುಂಟು. ಒಂದು, ಏಕಮಾನ. ಕೆಲವು ಕಡೆ ನ್ಯಾನೋಮೋಲ್‌ನಲ್ಲಿ ಕೊಡುತ್ತಾರೆ, ಅಲ್ಲಿ 0.40 ಎಂಬುದು 400 ಆಗಿರುತ್ತದೆ. ಮೂತ್ರದ ಎಂಎಂಎಯನ್ನು ಕ್ರಿಯಾಟಿನಿನ್‌ಗೆ ಹೋಲಿಸಿ ಕೊಡುತ್ತಾರೆ, ಅದರ ಮಿತಿಯೇ ಬೇರೆ. ಇನ್ನೊಂದು ಪ್ರಯೋಗಾಲಯದ ಒಳಗಿನದು, ವೈದ್ಯರಿಗೆ ಕಾಣದ್ದು: ಸಕ್ಸಿನಿಕ್ ಆಮ್ಲ ಮತ್ತು ಎಂಎಂಎ ಎರಡರ ರಾಸಾಯನಿಕ ಸೂತ್ರವೂ ಒಂದೇ, ತೂಕವೂ ಒಂದೇ, 118. ರಕ್ತದಲ್ಲಿ ಸಕ್ಸಿನಿಕ್ ಆಮ್ಲವೇ ಹೆಚ್ಚು. ಮಾಸ್ ಸ್ಪೆಕ್ಟ್ರೋಮೀಟರ್ ತೂಕ ನೋಡಿ ಗುರುತಿಸುವ ಯಂತ್ರವಾದ್ದರಿಂದ, ಅದಕ್ಕೂ ಮೊದಲಿನ ಕಾಲಮ್‌ನಲ್ಲಿ ಇವೆರಡೂ ಸಮಯದಲ್ಲಿ ಬೇರ್ಪಡದಿದ್ದರೆ ಸಕ್ಸಿನಿಕ್ ಆಮ್ಲವನ್ನೇ ಎಂಎಂಎ ಎಂದು ಎಣಿಸುತ್ತದೆ. ಹೊಸದಾಗಿ ಈ ಪರೀಕ್ಷೆ ಶುರುಮಾಡುವವರು ಎರಡು ಶಿಖರಗಳೂ ಬೇರೆ ಬೇರೆ ನಿಂತಿವೆಯೇ ಎಂದು ಪ್ರತಿ ಬ್ಯಾಚಿನಲ್ಲಿ ನೋಡಲೇಬೇಕು.

ಹಾಗಾದರೆ 412 ಎಲ್ಲಿಂದ ಬಂತು?

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೊರತೆ ಖಚಿತವಾಯಿತು, ಇಂಜೆಕ್ಷನ್ ನಡೆಯುತ್ತಿದೆ, ಕಾರಣ ಸಸ್ಯಾಹಾರ ಮತ್ತು ಮೆಟ್‌ಫಾರ್ಮಿನ್ ಎಂದು ಬರೆದು ಮುಗಿಸುವುದು ಸುಲಭ. ಅನುಮಾನಕ್ಕೆ ಕಾರಣವೂ ಇಲ್ಲ ಎನ್ನಿಸುತ್ತಿತ್ತು. ಮೈಸೂರಿನಲ್ಲಿ ಗರ್ಭಿಣಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 43 ಮಂದಿಗೆ ಬಿ12 ಮಟ್ಟ ಲೀಟರಿಗೆ 150 ಪಿಕೋಮೋಲ್‌ಗಿಂತ, ಅಂದರೆ ಸುಮಾರು 203 ಪಿಕೋಗ್ರಾಂ/ಮಿಲಿಗಿಂತ ಕಡಿಮೆ ಇತ್ತು. ಫೋಲೇಟ್ ಕಡಿಮೆ ಇದ್ದದ್ದು ಶೇ. 4 ಮಂದಿಗೆ ಮಾತ್ರ. ಇಷ್ಟು ವ್ಯಾಪಕವಾದ ಕೊರತೆ ಇರುವ ನಾಡಿನಲ್ಲಿ ಊಟವೇ ಕಾರಣ ಎಂಬ ಉತ್ತರ ಬಾಯಿಗೆ ತಾನಾಗಿ ಬರುತ್ತದೆ, ಮತ್ತು ಬೇರೆ ಕಾರಣ ಇರುವವರು ಅದರ ಹಿಂದೆ ಮರೆಯಾಗುತ್ತಾರೆ.

ಊಟದ ಕೊರತೆಯಾದರೆ ಸೀರಂ ಬಿ12 ಕಡಿಮೆ ಬರಬೇಕು. ಇಲ್ಲಿ 412 ಬಂದಿದೆ. ಈ ವಿರೋಧ ಬಿಡಿಸಲು ಎತ್ತಿಟ್ಟಿದ್ದ ಸೀರಂ ಹೊರಬಂತು.

ಇಂದಿನ ಹೆಚ್ಚಿನ ಯಂತ್ರಗಳು ಬಿ12 ಅಳೆಯುವುದು ಇಂಟ್ರಿನ್ಸಿಕ್ ಫ್ಯಾಕ್ಟರ್ ಬಳಸಿ. ಜಠರದಲ್ಲಿ ಬಿ12 ಹಿಡಿಯುವ ಅದೇ ಪ್ರೋಟೀನ್ ಇಲ್ಲಿ ಕಿಟ್‌ನೊಳಗೂ ಇರುತ್ತದೆ. ರೋಗಿಯ ಬಿ12 ಮತ್ತು ಕಿಟ್‌ನ ಗುರುತು ಹಚ್ಚಿದ ಬಿ12 ಅದಕ್ಕಾಗಿ ಪೈಪೋಟಿ ಮಾಡುತ್ತವೆ. ಗುರುತಿನದು ಕಡಿಮೆ ಅಂಟಿದಷ್ಟೂ ರೋಗಿಯ ಬಿ12 ಹೆಚ್ಚಿದೆ ಎಂದು ಲೆಕ್ಕ. ರೋಗಿಯ ರಕ್ತದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧ ಪ್ರತಿಕಾಯ ಇದ್ದರೆ ಅದು ಕಿಟ್‌ನ ಪ್ರೋಟೀನನ್ನೇ ಹಿಡಿದುಬಿಡುತ್ತದೆ. ಗುರುತಿನ ಬಿ12ಗೆ ಅಂಟಲು ಜಾಗವೇ ಇರುವುದಿಲ್ಲ, ಯಂತ್ರ ಅದನ್ನು ‘ಬಿ12 ಸಾಕಷ್ಟಿದೆ’ ಎಂದು ಓದುತ್ತದೆ. ಪ್ರತಿಕಾಯವನ್ನು ನಾಶಮಾಡಲು ಕ್ಷಾರದ ಒಂದು ಹಂತ ಇರುತ್ತದೆ, ಆದರೆ ಪ್ರತಿಕಾಯ ಹೆಚ್ಚಿದ್ದಾಗ ಅದು ಸಾಲುವುದಿಲ್ಲ. ಪರ್ನೀಷಿಯಸ್ ಅನೀಮಿಯಾ (ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆ ಬಿ12 ಹೀರಲಾಗದ ಕಾಯಿಲೆ) ಇರುವವರ ಸೀರಂಗಳನ್ನು ಇಂಥ ಮೂರು ವಿಧಾನಗಳಲ್ಲಿ ಅಳೆದ 2012ರ ಒಂದು ವರದಿಯಲ್ಲಿ ಶೇ. 22ರಿಂದ 35 ಸ್ಯಾಂಪಲ್‌ಗಳು ಸುಳ್ಳಾಗಿ ನಾರ್ಮಲ್ ಬಂದಿದ್ದವು. ಯಾರಿಗೆ ಬಿ12 ಎಲ್ಲರಿಗಿಂತ ಹೆಚ್ಚು ಬೇಕೋ ಅವರಲ್ಲೇ ಪರೀಕ್ಷೆ ಕೈಕೊಡುತ್ತದೆ. ಇದನ್ನು ತಿಳಿಯದವರ ಕೈಯಲ್ಲಿ ಇದು ನಿಜಕ್ಕೂ ಅಪಾಯ.

ಪ್ರಯೋಗಾಲಯದವರು 200 ಮೈಕ್ರೋಲೀಟರ್ ಸೀರಂಗೆ ಅಷ್ಟೇ ಪ್ರಮಾಣದ ಶೇ. 25ರ ಪಾಲಿಎಥಿಲೀನ್ ಗ್ಲೈಕಾಲ್ 6000 ದ್ರಾವಣ ಬೆರೆಸಿ, ಕಲಕಿ, ತಿರುಗಿಸಿ, ತಳಕ್ಕೆ ಇಳಿದ ಪ್ರತಿಕಾಯಗಳನ್ನು ಬಿಟ್ಟು ಮೇಲಿನ ತಿಳಿಯನ್ನು ಅದೇ ಯಂತ್ರದಲ್ಲಿ ಅಳೆದು ಎರಡರಿಂದ ಗುಣಿಸಿದರು. ಪಕ್ಕದಲ್ಲಿ ಪ್ರತಿಕಾಯವಿಲ್ಲದ ಬೇರೊಬ್ಬರ ಸೀರಂಗೂ ಹೀಗೇ ಮಾಡಿದರು, ಏಕೆಂದರೆ ಈ ದ್ರಾವಣ ಸ್ವಲ್ಪ ಬಿ12ನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಹೋಲಿಕೆ ಇಲ್ಲದೆ ಉತ್ತರಕ್ಕೆ ಅರ್ಥವಿಲ್ಲ. ಹೋಲಿಕೆಯ ಸೀರಂ 390ರಿಂದ 340ಕ್ಕೆ ಇಳಿಯಿತು. ಈ ರೋಗಿಯದು 412ರಿಂದ 96ಕ್ಕೆ.

ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯದ ವರದಿಯೂ ಬಲವಾದ ಪಾಸಿಟಿವ್. ಪ್ಯಾಂಟೊಪ್ರಜೋಲ್ ಎರಡು ವಾರ ನಿಲ್ಲಿಸಿ (ಜಠರಕ್ಕೆ ಆಮ್ಲ ಸುರಿಸು ಎನ್ನುವ ಹಾರ್ಮೋನಾದ ಗ್ಯಾಸ್ಟ್ರಿನ್ ಅನ್ನು ಅದು ತಾನೇ ಏರಿಸುತ್ತದೆ) ಉಪವಾಸದಲ್ಲಿ ತೆಗೆದ ಗ್ಯಾಸ್ಟ್ರಿನ್ 1180 ಪಿಕೋಗ್ರಾಂ/ಮಿಲಿ, ಸಾಮಾನ್ಯವಾಗಿ 100ರೊಳಗೆ ಇರಬೇಕಾದ್ದು. ಎಂಡೋಸ್ಕೋಪಿಯಲ್ಲಿ ಜಠರದ ಮೇಲ್ಭಾಗ ಮತ್ತು ನಡುಭಾಗದ ಮಡಿಕೆಗಳು ಅಳಿಸಿಹೋಗಿದ್ದವು, ಕೆಳಭಾಗ ಚೆನ್ನಾಗಿತ್ತು. ಎರಡು ಭಾಗಗಳ ತುಣುಕುಗಳನ್ನು ಬೇರೆ ಬೇರೆ ಸೀಸೆಯಲ್ಲಿ ಕಳಿಸಿದ್ದರಿಂದಲೇ ಪೆಥಾಲಜಿಯವರಿಗೆ ಆಟೋಇಮ್ಯೂನ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ) ಜಠರದ ಉರಿಯೂತ ಎಂದು ಹೇಳಲು ಸಾಧ್ಯವಾಯಿತು. ಒಂದೇ ಸೀಸೆಗೆ ಹಾಕಿದ್ದರೆ ಆ ನಕ್ಷೆ ಅಳಿಸಿಹೋಗುತ್ತಿತ್ತು.

ಹಿನ್ನೆಲೆಯ ಮೂರು ಸಂಗತಿಗಳಿಗೆ ಈಗ ಅರ್ಥ ಬಂತು. ಥೈರಾಯ್ಡಿನ ಆಟೋಇಮ್ಯೂನ್ ಕಾಯಿಲೆ ಇರುವವರಲ್ಲಿ ಈ ಜಠರದ ಕಾಯಿಲೆ ಹೆಚ್ಚು. ಜಠರದಲ್ಲಿ ಆಮ್ಲವಿಲ್ಲದಿದ್ದರೆ ದೇಹ ಐರನ್ ಸರಿಯಾಗಿ ಹೀರುವುದಿಲ್ಲ, ಅದಕ್ಕೇ ಮಾತ್ರೆ ಹತ್ತಿರಲಿಲ್ಲ. ಆಮ್ಲವೇ ಇಲ್ಲದ ಹೊಟ್ಟೆಗೆ ಮೂರು ವರ್ಷ ಆಮ್ಲ ತಗ್ಗಿಸುವ ಮಾತ್ರೆ ನಡೆದಿತ್ತು; ಅದನ್ನು ನಿಲ್ಲಿಸಿದರು. ಮೆಟ್‌ಫಾರ್ಮಿನ್ ಹಾಗೇ ಮುಂದುವರಿಯಿತು. ಅದು ಬಿ12 ಹೀರುವಿಕೆಯನ್ನು ಸ್ವಲ್ಪ ಕುಗ್ಗಿಸಿದ್ದೀತು, ಆದರೆ ಇಂಜೆಕ್ಷನ್ ಸಿಗುವವರಿಗೆ ಅದು ಅಡ್ಡಿಯಲ್ಲ, ಸಕ್ಕರೆಗೆ ಅದು ಬೇಕು.

ಚಿಕಿತ್ಸೆಯ ದಿನಗಳು

ಹೈಡ್ರಾಕ್ಸೊಕೋಬಾಲಮಿನ್ 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ, ನರದ ಸುಧಾರಣೆ ನಿಲ್ಲುವವರೆಗೆ. ಇವರಲ್ಲಿ ಅದು 8 ವಾರ ನಡೆಯಿತು. ನಂತರ 2 ತಿಂಗಳಿಗೊಮ್ಮೆ, ಬದುಕಿರುವವರೆಗೆ. ಐರನ್‌ಗೆ ಮಾತ್ರೆ ಬಿಟ್ಟು ರಕ್ತನಾಳದ ಮೂಲಕ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ 1 ಗ್ರಾಂ. ಫೋಲಿಕ್ ಆಮ್ಲವನ್ನು ಬೇಕೆಂದೇ ಕೊಡಲಿಲ್ಲ. ಬಿ12 ಕೊರತೆಯಲ್ಲಿ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿ ಸಮಾಧಾನ ತರುತ್ತದೆ, ಅತ್ತ ಬೆನ್ನುಹುರಿ ಕೆಡುತ್ತಲೇ ಇರುತ್ತದೆ.

ಹತ್ತನೇ ದಿನ ಮಗಳ ಫೋನು ಬಂತು, ಉರಿ ಹೆಚ್ಚಾಗಿದೆ, ರಾತ್ರಿ ನಿದ್ದೆಯಿಲ್ಲ, ಇಂಜೆಕ್ಷನ್ ಒಗ್ಗುತ್ತಿಲ್ಲ, ನಿಲ್ಲಿಸಲೇ ಎಂದು. ಚೇತರಿಸುವ ನರ ಮೊದಲ ವಾರಗಳಲ್ಲಿ ಜೋರಾಗಿ ಉರಿಯುವುದುಂಟು. ಇದನ್ನು ಮೊದಲ ದಿನವೇ ಹೇಳಿರಲಿಲ್ಲ, ಹೇಳಬೇಕಿತ್ತು. ಅಲ್ಲಿ ನಿಲ್ಲಿಸಿದ್ದರೆ ಎಲ್ಲ ಕೆಲಸ ಹಾಳಾಗುತ್ತಿತ್ತು. ಪ್ರಿಗ್ಯಾಬಲಿನ್ ಕಡಿಮೆ ಪ್ರಮಾಣದಲ್ಲಿ ರಾತ್ರಿ ಮಾತ್ರ ಕೊಟ್ಟು ಮುಂದುವರಿಸಿದರು. ನಾಲ್ಕನೇ ವಾರದ ಹೊತ್ತಿಗೆ ಉರಿ ಇಳಿಯಿತು, ಎಂಎಂಎ 0.31, ಹೋಮೋಸಿಸ್ಟೀನ್ 12. ಚಿಕಿತ್ಸೆ ಶುರುವಾದ ಮೇಲೆ ಸೀರಂ ಬಿ12 ಅಳೆಯುವುದರಲ್ಲಿ ಹುರುಳಿಲ್ಲ, ಇಂಜೆಕ್ಷನ್ ಪಡೆದವರಲ್ಲಿ ಅದು 2000 ದಾಟಿಯೇ ಬರುತ್ತದೆ. ನರದ ಸ್ಥಿತಿ ಮತ್ತು ಎಂಎಂಎಯನ್ನೇ ಹಿಂಬಾಲಿಸಬೇಕು.

ಆರನೇ ತಿಂಗಳಿಗೆ ಕಂಪನ ಕಣಕಾಲಿನಲ್ಲಿ ತಿಳಿಯುವಂತಾಯಿತು. ಹೆಬ್ಬೆರಳಿನ ಚಲನೆ ಹತ್ತಕ್ಕೆ ಒಂಬತ್ತು ಸರಿ. ಬಲ ಹೆಬ್ಬೆರಳು ಕೆಳಗೆ ಬಾಗುವಂತಾಯಿತು, ಎಡದ್ದು ಇಂದಿಗೂ ಮೇಲಕ್ಕೇ ಏಳುತ್ತದೆ. ಒಂಬತ್ತು ತಿಂಗಳು ತಡವಾದದ್ದರ ಗುರುತು ಅದು.

ಎರಡನೇ ಎಡವಟ್ಟು

ಹದಿಮೂರನೇ ತಿಂಗಳ ಭೇಟಿಯಲ್ಲಿ ತಿಳಿದದ್ದು: ಊರಿನಲ್ಲಿ ಯಾವುದೋ ಕಾರಣಕ್ಕೆ ಒಂದು ಬಿ12 ಪರೀಕ್ಷೆ ಮಾಡಿಸಿ, ‘2000ಕ್ಕಿಂತ ಹೆಚ್ಚು’ ಎಂದು ಕೆಂಪಕ್ಷರದ ವರದಿ ಬಂದು, ಅತಿಯಾಯಿತು ಎಂದು ಇಂಜೆಕ್ಷನ್ ನಿಲ್ಲಿಸಿಬಿಟ್ಟಿದ್ದರು. ಏಳು ತಿಂಗಳಾಗಿತ್ತು. ಲಕ್ಷಣ ಇನ್ನೂ ಮರಳಿರಲಿಲ್ಲ, ಆದರೆ ಎಂಎಂಎ 0.46ಕ್ಕೆ ಏರಿತ್ತು. ಪಾದ ಏನೂ ಹೇಳುವ ಮೊದಲೇ ಗುರುತು ಹೇಳಿತು. ಇಂಜೆಕ್ಷನ್ ಮತ್ತೆ ಶುರುವಾಗಿ, ಮೂರು ತಿಂಗಳ ನಂತರ 0.22.

ಎಂಎಂಎ ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ಸಸ್ಯಾಹಾರಿ, ಜೋಮು, ಸೀರಂ ಬಿ12 130 ಎಂದಿದ್ದರೆ ಆ ಹಣವನ್ನು ಇಂಜೆಕ್ಷನ್‌ಗೆ ಹಾಕುವುದೇ ಸರಿ. ಸುಮಾರು 200ರಿಂದ 400ರ ನಡುವಿನ ಮಸುಕು ವಲಯದಲ್ಲಿ, ಅಥವಾ ಇಲ್ಲಿನಂತೆ ದೇಹವೂ ವರದಿಯೂ ಬೇರೆ ಬೇರೆ ಮಾತಾಡುವಾಗ ಅದು ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಮೂತ್ರಪಿಂಡ ಕುಂದಿದವರಲ್ಲಿ ಒಂದೇ ಸಂಖ್ಯೆ ನಂಬದೆ, ಬಿ12 ಕೊಟ್ಟು ಕೆಲವು ವಾರಗಳ ಮೇಲೆ ಮತ್ತೆ ಅಳೆಯಬೇಕು: ಚೆನ್ನಾಗಿ ಇಳಿದರೆ ಕೊರತೆಯಿತ್ತು, ಇಳಿಯದಿದ್ದರೆ ಅದು ಮೂತ್ರಪಿಂಡದ್ದು.

ಈಗ ರೋಗಿಯ ಕಡತದ ಹೊರರಟ್ಟಿಗೆ ಒಂದು ಚೀಟಿ ಅಂಟಿಸಿದೆ. ದಪ್ಪ ಅಕ್ಷರದ ಕನ್ನಡದಲ್ಲಿ ನಾಲ್ಕು ಸಾಲು: ಬಿ12 ಇಂಜೆಕ್ಷನ್ 2 ತಿಂಗಳಿಗೊಮ್ಮೆ, ಜೀವನಪೂರ್ತಿ. ಬಿ12 ರಿಪೋರ್ಟ್ ನೋಡಿ ನಿಲ್ಲಿಸಬೇಡಿ. ಆಪರೇಷನ್ ಆದರೆ ನೈಟ್ರಸ್ ಆಕ್ಸೈಡ್ ಕೊಡಬೇಡಿ (ಅದು ದೇಹದಲ್ಲಿನ ಬಿ12ನ್ನು ನಿಷ್ಕ್ರಿಯಗೊಳಿಸುತ್ತದೆ). 3 ವರ್ಷಕ್ಕೊಮ್ಮೆ ಎಂಡೋಸ್ಕೋಪಿ. ಬಚ್ಚಲ ಗೋಡೆಗೆ ಮಗಳು ಒಂದು ಹಿಡಿಕೆ ಹಾಕಿಸಿದ್ದಾಳೆ. ತಲೆಗೆ ನೀರು ಹೊಯ್ದುಕೊಳ್ಳುವಾಗ ಒಂದು ಕೈ ಅದರ ಮೇಲಿರುತ್ತದೆ.